ಪಾರ್ಟಿ ಹಾಡಲ್ಲದ, ಒಳಗಿನ ಮಾತಿನ ಕನ್ನಡ ರ‍್ಯಾಪ್ ಆಲ್ಬಂ ಜನ ಕೇಳ್ತಾರಾ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿದ್ದೀರಿ, 8 ಹಾಡಿನ ಕನ್ನಡ ರ‍್ಯಾಪ್ ಆಲ್ಬಂ ರೆಡಿ ಇದೆ, ಪಾರ್ಟಿ ಇಲ್ಲ, ಯಾರನ್ನೂ ಬೈದಿಲ್ಲ, ಬರೀ ನಿಮ್ಮ ಮನೆ, ನಿಮ್ಮ ಭಯ. ಹಿಂದೆ ಯಾವ ಲೇಬಲ್ಲೂ ಇಲ್ಲ. ಇಂಥದ್ದನ್ನ ಯಾರಾದ್ರೂ ಕೇಳ್ತಾರಾ ಅಂತ ಕೇಳಿದ್ದೀರಿ.

ಕೇಳ್ತಾರೆ. ಆದರೆ ನೀವು ಲೆಕ್ಕ ಹಾಕಿಕೊಂಡಿರೋ ಜನ ಅಲ್ಲ, ಬಹುಶಃ ನೀವು ಲೆಕ್ಕ ಹಾಕಿಕೊಂಡಿರೋ ಹಾಡೂ ಅಲ್ಲ. ನನ್ನ ಕಥೆ ಹೇಳ್ತೀನಿ.

ನಾನು ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋ ಮಿಷನ್) ಆಪರೇಟರ್, ಮನೆ ಲಗ್ಗೆರೆ. 2024ರ ಕೊನೆಗೆ 9 ಹಾಡಿನ, 31 ನಿಮಿಷದ ಒಂದು ಆಲ್ಬಂ ಬಿಟ್ಟೆ. ಗಾರ್ಮೆಂಟ್ಸ್‌ಗೆ ಹೋಗ್ತಿದ್ದ ಅಮ್ಮ, ಕುಡಿದು ಕುಡಿದೇ ಹೋದ ಅಪ್ಪ, ನನಗೆ ನಿದ್ದೆ ಬರದ ಒಂದು ವರ್ಷ, ಅದರಲ್ಲಿ ಇದ್ದಿದ್ದು ಇಷ್ಟೇ. ಸ್ಟುಡಿಯೋಗೆ ದುಡ್ಡಿರಲಿಲ್ಲ. 6 ಸಾವಿರದ ಮೈಕು, ಅಮ್ಮನ ಬೀರು. ಬೀರು ಬಾಗಿಲು ತೆಗೆದು ಸೀರೆಗಳ ಕಡೆ ಮುಖ ಮಾಡಿ ನಿಂತರೆ ಗೋಡೆಯ ಪ್ರತಿಧ್ವನಿ ಮೈಕಿಗೆ ಬರಲ್ಲ, ಬಟ್ಟೆ ನುಂಗಿಬಿಡುತ್ತೆ. ನ್ಯಾಫ್ತಲೀನ್ ಗುಳಿಗೆ ವಾಸನೆ ಕುಡಿದುಕೊಂಡೇ ಇಡೀ ಆಲ್ಬಂ ಹಾಡಿದೆ, ರಾತ್ರಿ 1ರಿಂದ 4ರವರೆಗೆ, ಏನಿದ್ದರೂ ಕುಕ್ಕರ್ ಕೂಗೋಕೆ ಮುಂಚೆ. ಮೂರನೇ ಹಾಡಲ್ಲಿ ಪಕ್ಕದ ಬಿಲ್ಡಿಂಗಿನ ನೀರಿನ ಮೋಟರ್ ಗುಂಯ್ ಅನ್ನೋದು ಸೇರಿಕೊಂಡಿದೆ. ಒಬ್ಬ ಪುಣ್ಯಾತ್ಮ ಮೆಸೇಜ್ ಮಾಡಿ "ಬ್ರೋ, ಆ ಡ್ರೋನ್ ಸೌಂಡ್ ಯಾವ ಪ್ಲಗಿನ್?" ಅಂತ ಕೇಳಿದ, ಅಂದರೆ ಒಂದೇ ಸಮ ಗುಂಯ್ ಅನ್ನೋ ಆ ಸದ್ದು ಯಾವ ಸಾಫ್ಟ್‌ವೇರಿಂದು ಅಂತ. ಒಂದೂವರೆ ಎಚ್‌ಪಿ ಅಂದೆ.

ಬೆಂಗಳೂರಿನ ರ‍್ಯಾಪ್ ಮೊದಲು ಹೆಸರು ಮಾಡಿದ್ದು ಹೆಚ್ಚಾಗಿ ಇಂಗ್ಲಿಷಲ್ಲೇ: ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ ದಾರಿ ಮಾಡಿದರು. 2018ರಲ್ಲಿ ಚಂದನ್ ಬಿಗ್ ಬಾಸ್ ಗೆದ್ದ ಮೇಲೆ ನಮ್ಮ ಅತ್ತೆಗೂ ರ‍್ಯಾಪ್ ಅಂದರೆ ಏನಂತ ಗೊತ್ತಾಯ್ತು. ಅದು ಒಳ್ಳೇದೇ. ಕಷ್ಟ ಏನಂದರೆ, ಕನ್ನಡ ರ‍್ಯಾಪ್ ಅಂದ ತಕ್ಷಣ ಜನ ಕುಣಿಯೋ ಹಾಡಿಗೋ, ನಾಡು ನುಡಿಯ ಹಾಡಿಗೋ ಕಿವಿ ರೆಡಿ ಮಾಡಿಕೊಂಡಿರ್ತಾರೆ. 2024ರಲ್ಲಿ ಇಂಗ್ಲಿಷಲ್ಲಿ ಹಾಡೋ ಹನುಮಾನ್‌ಕೈಂಡ್ ಹಾಡು 'ಬಿಗ್ ಡಾಗ್ಸ್' (ವಿಡಿಯೋದಲ್ಲಿ ಸಾವಿನ ಬಾವಿ ಗೋಡೆ ಮೇಲೆ ಬೈಕ್ ಓಡಿಸ್ತಾರಲ್ಲ, ಅದು) ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿದಾಗ ನಮ್ಮ ವರ್ಕ್‌ಶಾಪ್‌ನವರು "ನೀನೂ ಹಂಗೇ ಒಂದು ಬಾವಿಲಿ ಬೈಕ್ ಓಡಿಸೋ" ಅಂತ ಕಾಲೆಳೆದರು.

ಈಗ ಮೊದಲ ಏಟಿನ ವಿಷಯ. ಆಲ್ಬಂಗೆ ಮುಂಚೆ ಒಂದು ಹಾಡು ಮಾತ್ರ ಬಿಟ್ಟಿದ್ದೆ. ಗೆಳೆಯರೆಲ್ಲ ವಾಟ್ಸಾಪಲ್ಲಿ ಬೆಂಕಿ ಇಮೋಜಿ ಹಾಕಿದರು. ಗುರುತಿಲ್ಲದ ಒಬ್ಬರು, ಪ್ರೊಫೈಲ್ ನೋಡಿದರೆ ಕನ್ನಡ ಮೇಷ್ಟ್ರು, ಹೀಗೆ ಬರೆದರು: "ವಿಷಯ ಚೆನ್ನಾಗಿದೆ. ಆದರೆ ನೀವು ಪ್ರಾಸ ಹುಡುಕಿಲ್ಲ, ವ್ಯಾಕರಣವೇ ನಿಮಗೆ ಪುಕ್ಕಟೆ ಕೊಟ್ಟಿದೆ." ಒಂದು ವಾರ ಉರಿದುಕೊಂಡೆ. ಆಮೇಲೆ ಬರೆದಿದ್ದನ್ನ ತೆಗೆದು ನೋಡಿದೆ:

ಬೆಳಗಾಗೆದ್ದು ಬಸ್ಸಿಗೆ ಓಡಿದೆ
ಕಿಟಕಿ ಪಕ್ಕ ಊರೆಲ್ಲ ನೋಡಿದೆ
ಹಳೇ ನೋವ ಒಬ್ಬನೇ ಹಾಡಿದೆ

ಮೇಷ್ಟ್ರು ಹೇಳಿದ್ದು ಸರಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ, ಒಂದೇ ಕಾಲದಲ್ಲಿ ಹೇಳ್ತಾ ಹೋದರೆ ಎಲ್ಲದರ ಬಾಲವೂ ಒಂದೇ. ಇಂಗ್ಲಿಷ್ ರ‍್ಯಾಪರ್ ಬೆವರು ಸುರಿಸಿ ತರೋ ಅಂತ್ಯಪ್ರಾಸ ನಮಗೆ ಸುಮ್ಮನೆ ಸಿಗುತ್ತೆ. ಸುಮ್ಮನೆ ಸಿಕ್ಕಿದ್ದು ಅಂತ ಕೇಳೋರ ಕಿವಿಗೂ ಗೊತ್ತಾಗುತ್ತೆ, ಹೆಸರಿಟ್ಟು ಹೇಳೋಕೆ ಬರಲ್ಲ ಅಷ್ಟೇ. ಹಳೇ ಕವಿಗಳು ಪ್ರಾಸ ಇಡ್ತಿದ್ದದ್ದು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಹೈಸ್ಕೂಲಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ಎಣಿಸಿದ್ವಲ್ಲ, ಅದೇ ಪಾಠದಲ್ಲಿ ಇದೂ ಇತ್ತು. ನಾನು ಆಗ ಕೊನೇ ಬೆಂಚಲ್ಲಿ ಪೆನ್ ಫೈಟ್ ಆಡ್ತಿದ್ದೆ. ಆರನೇ ಹಾಡು, ಅಮ್ಮನದ್ದು, ಅದನ್ನ ಹರಿದು ಮತ್ತೆ ಬರೆದೆ:

ಬಟ್ಟೆ ಯಾರದೋ, ಹೊಲಿಗೆ ಅಮ್ಮಂದು
ಹೊಟ್ಟೆ ಕಟ್ಟಿದ ಲೆಕ್ಕ ಚೀಟೀಲಿ ಒಂದೊಂದು
ಕಟ್ಟಿದ ಪಿಎಫ್‌ಗೆ ಬೀಗ, ಕೀಲಿ ಇನ್ನೊಬ್ಬಂದು

ಎರಡನೇ ಅಕ್ಷರ ಎಲ್ಲ ಸಾಲಲ್ಲೂ 'ಟ್ಟ' ಕಾರ. ಡ್ರಮ್ಮಿನ ಮೊದಲ ಪೆಟ್ಟಿನ ಹಿಂದೇನೇ ಅದು ಬಿದ್ದಾಗ ಮಿಷನ್ ಸೂಜಿ ಕುಟ್ಟಿದ ಹಾಗೆ ಕೇಳುತ್ತೆ. ಪಿಎಫ್ ವಿಷಯ ಮರೆತಿದ್ದರೆ ನೆನಪಿಸ್ತೀನಿ: ಕಂಪನಿ ಕಟ್ಟಿದ ಪಾಲನ್ನ 58 ವಯಸ್ಸಾಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 2016ರ ಏಪ್ರಿಲ್ 18 ಮತ್ತು 19ಕ್ಕೆ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು, ಹೊಸೂರು ರಸ್ತೆ, ಪೀಣ್ಯ ಎಲ್ಲ ನಿಂತುಹೋಯ್ತು. 19ನೇ ತಾರೀಕೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವತ್ತು ಅಮ್ಮ ಚಪ್ಪಲಿ ಕಿತ್ತು ಕೈಲಿ ಹಿಡಿದುಕೊಂಡು, ಟಿಫನ್ ಬಾಕ್ಸ್ ಕಂಕುಳಲ್ಲಿಟ್ಟುಕೊಂಡು ನಡೆದೇ ಮನೆಗೆ ಬಂದಿದ್ದಳು. ಬಂದವಳು ಮೊದಲು ಅಕ್ಕಿ ತೊಳೆಯೋಕೆ ಕೂತಳು.

ಆಲ್ಬಂನಲ್ಲಿ ನನಗೆ ಹೆಮ್ಮೆ ಇದ್ದಿದ್ದು ಎರಡನೇ ಹಾಡಿನ ಬಗ್ಗೆ. ಉಸಿರು ತಗೊಳ್ಳದೆ ಹೊಡೆದ ಸ್ಪೀಡು. ಕಬ್ಬನ್ ಪಾರ್ಕಲ್ಲಿ ಭಾನುವಾರ ಸೈಫರ್‌ಗೆ (ಸುತ್ತ ನಿಂತು ಸರದಿ ಮೇಲೆ ರ‍್ಯಾಪ್ ಮಾಡೋದು) ಸೇರೋ ಹುಡುಗರು ಅದಕ್ಕೆ ಕೂಗಿದರು, ಆಮೇಲೆ ಮರೆತರು. ಇಂದಿರಾನಗರದ ಒಂದು ಪಬ್ಬಲ್ಲಿ ಆರನೇ ಹಾಡು ಶುರು ಮಾಡಿದಾಗ ಯಾರೂ ತಲೆ ಎತ್ತಲಿಲ್ಲ, ಮುಂದಿನ ಟೇಬಲ್ಲಿಂದ "ಫಾಸ್ಟ್ ಒಂದು ಹಾಕಿ ಗುರು" ಅಂತ ಬಂತು. ಅವರ ತಪ್ಪಿಲ್ಲ, ಶನಿವಾರ ರಾತ್ರಿ ದುಡ್ಡು ಕೊಟ್ಟು ಬಂದಿದ್ದಾರೆ.

ಅದೇ ಹಾಡು ನಮ್ಮ ಏರಿಯಾ ರಾಜ್ಯೋತ್ಸವದ ಸ್ಟೇಜಲ್ಲಿ ಬೇರೇನೇ ಆಯ್ತು. ಆರ್ಕೆಸ್ಟ್ರಾದವರು ಮಧ್ಯದಲ್ಲಿ ಟೀ ಕುಡಿಯೋ ಹತ್ತು ನಿಮಿಷ ನನಗೆ ಕೊಟ್ಟಿದ್ದರು. ಮುಂದೆ ಪ್ಲಾಸ್ಟಿಕ್ ಕುರ್ಚೀಲಿ ಹೆಂಗಸರು, ಅರ್ಧಕ್ಕರ್ಧ ಗಾರ್ಮೆಂಟ್ಸ್‌ನವರೇ. ಟಾಯ್ಲೆಟ್‌ಗೆ ಹೋಗೋಕೂ ಟೋಕನ್ ಅನ್ನೋ ಸಾಲು ಬಂತು. ಬರೆಯುವಾಗ ನನಗೆ ಅಳು ಬಂದಿದ್ದ ಸಾಲು ಅದು. ಅವರು ಬಿದ್ದು ಬಿದ್ದು ನಕ್ಕರು. ಒಬ್ಬರು ಪಕ್ಕದವರ ತೊಡೆಗೆ ಹೊಡೆದು "ಅಯ್ಯೋ, ನಮ್ ಸೂಪರ್‌ವೈಸರ್ರೇ" ಅಂದಿದ್ದು ಮೈಕಿಗೇ ಕೇಳಿಸ್ತು. ಗಾಬರಿಯಾಗಿ ಒಂದು ಸಾಲು ಮರೆತೆ. ಯಾರೂ ಗಮನಿಸಲಿಲ್ಲ, ಇನ್ನೂ ನಗ್ತಾನೇ ಇದ್ದರು. ಮಾರನೇ ದಿನದಿಂದ ಆ ಹಾಡು ವಾಟ್ಸಾಪಲ್ಲಿ ಓಡಾಡಿತು, ಲಿಂಕಲ್ಲ, ಯಾರೋ ಮೊಬೈಲಲ್ಲಿ ತೆಗೆದ ಅಲುಗಾಡೋ ವಿಡಿಯೋ.

ಅದಕ್ಕೇ ಹೇಳ್ತೀನಿ, ಆ್ಯಪ್‌ನ ನಂಬರ್ ನೋಡ್ತಾ ಕೂರಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ, ಹಾಗಾಗಿ ನಿಮ್ಮ ಒಂದು ನಿಮಿಷದ ಪೀಠಿಕೆ ಕೇಳಿ ಬಿಟ್ಟೋದವನೂ ಪೂರ್ತಿ ಕೇಳಿ ಅತ್ತವನೂ ಅಲ್ಲಿ ಒಂದೇ. 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ದುಡ್ಡೂ ಇಲ್ಲ. ನನ್ನ 9ರಲ್ಲಿ ಆ ಗೆರೆ ದಾಟಿದ್ದು ಎರಡು. ಅವರ ಪ್ಲೇಲಿಸ್ಟ್ ಸಂಪಾದಕರಿಗೆ ಕಳಿಸೋದಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ, ಅದೂ ಒಂದೇ ಹಾಡು. ಬೀಟ್, ಅಂದರೆ ಹಾಡಿನ ಹಿಂದಿನ ಸಂಗೀತ, ಲೀಸಿಗೆ ತಗೊಂಡಿದ್ದರೆ ಕರಾರು ಪೂರ್ತಿ ಓದಿ. ಅದೇ ಬೀಟನ್ನ ಇನ್ನೂ ಹತ್ತು ಜನಕ್ಕೆ ಕೊಟ್ಟಿರ್ತಾರೆ, ಅವರಲ್ಲಿ ಯಾರೋ ಒಬ್ಬ ಯೂಟ್ಯೂಬಲ್ಲಿ ಇದು ನಂದು ಅಂತ ನಿಮ್ಮ ಮೇಲೇ ಕ್ಲೇಮ್ ಹಾಕ್ತಾನೆ. ನನಗೆ ಆಗಿದೆ.

ಆದರೆ ನೀವು ನಿಜವಾಗಿ ಹೆದರಬೇಕಾದ ಕೇಳುಗರು ಮನೆಯವರು. ಅಪ್ಪನ ಕುಡಿತದ ಹಾಡು ಕೇಳಿ ಚಿಕ್ಕಪ್ಪ ಫೋನ್ ಮಾಡಿ "ಸತ್ತವನ ಮಾನ ಹರಾಜಿಗಿಟ್ಯಲ್ಲೋ" ಅಂದರು. ನಾನು ಏನೇನೋ ವಾದ ಮಾಡಿದೆ, ಕಲೆ ಅಂದೆ, ಸತ್ಯ ಅಂದೆ. ಇವತ್ತಿಗೂ ಹಬ್ಬಕ್ಕೆ ಬರಲ್ಲ. ಹಾಡು ತೆಗೆದಿಲ್ಲ ನಾನು. ಆದರೆ ಬಿಡೋಕೆ ಮುಂಚೆ ಅವರ ಮನೆಗೆ ಹೋಗಿ, ಎದುರಿಗೆ ಕೂತು ಕೇಳಿಸಬೇಕಿತ್ತು ಅಂತ ಈಗ ಅನ್ನಿಸುತ್ತೆ. ಒಪ್ಪದಿದ್ದರೂ ಬೇರೆಯವರ ಮೊಬೈಲಲ್ಲಿ ಕೇಳಿಸಿಕೊಳ್ಳೋದು ತಪ್ತಿತ್ತು.

ಅಮ್ಮನಿಗೂ ಮೊದಲೇ ಕೇಳಿಸಿರಲಿಲ್ಲ. ಆ ರಾಜ್ಯೋತ್ಸವದ ದಿನ ಅವಳಿಗೆ ಓಟಿ. ಆಮೇಲೊಂದು ಸಂಜೆ ಅಡುಗೆಮನೇಲಿ ಸ್ಪೀಕರಿಗೆ ಹಾಕಿದೆ. ಅವಳು ಹುರುಳಿಕಾಯಿ ನಾರು ತೆಗೀತಿದ್ದಳು. ಆ ಹಾಡಲ್ಲಿ ತಿರುಗಿ ತಿರುಗಿ ಬರೋ ಸಾಲು ಇದು: "ಅಮ್ಮ ಹೊಲಿದದ್ದು ಕಾಲರ್, ಅಲ್ಲಿ ಎಣಿಸಿದ್ದು ಡಾಲರ್." ಮುಗೀತು. ಅವಳು ಏನೂ ಅನ್ನಲಿಲ್ಲ. ಕಾಯಿ ಮುರಿಯೋದು ನಿಲ್ಲಿಸಿರಲೂ ಇಲ್ಲ.

"ಕಾಲರ್ ಅಲ್ಲ ಕಣೋ," ಅಂದಳು ಸ್ವಲ್ಪ ಹೊತ್ತಾದ ಮೇಲೆ. "ಕಾಲರ್ ಮಾಡಿದ್ದು ಎರಡು ತಿಂಗಳೂ ಇಲ್ಲ. ನಂದು ಕಫ್, ತೋಳಿನ ತುದಿ ಪಟ್ಟಿ. ಹದಿನೇಳು ವರ್ಷ ಕಫ್."

"ಡಾಲರ್‌ಗೆ ಪ್ರಾಸ ಬೇಕಿತ್ತಮ್ಮ."

"ಪ್ರಾಸಕ್ಕೋಸ್ಕರ ನನ್ನ ಕೆಲಸಾನೇ ಬದಲಾಯಿಸಿಬಿಟ್ಯಾ? ತಿದ್ದೋಕಾಗಲ್ವಾ ಅದನ್ನ?"

ಒಂದು ಸಲ ಹೋದ ಆಡಿಯೋ ಹಾಗೆ ತಿದ್ದೋಕೆ ಬರಲ್ಲ, ಹೊಸದಾಗೇ ಬಿಡಬೇಕು ಅಂತ ವಿವರಿಸಿದೆ. "ಉಲ್ಟಾ ಹೊಲಿಗೆ ಬಿದ್ರೆ ನಾವು ಬಿಚ್ಚಿ ಹಾಕ್ತೀವಪ್ಪ" ಅಂದು ಒಲೆ ಹಚ್ಚಿದಳು.

ಸ್ಟೇಜ್ ಮೇಲೆ ಈಗ ಕಫ್ ಅಂತಲೇ ಹೇಳ್ತೀನಿ. ಸಾಲು ಕುಂಟುತ್ತೆ. ಪಬ್ಬಿನ ಹುಡುಗರು ಇದೇನು ಕೆಮ್ಮಿನ ಕಫಾನಾ ಅಂತ ಮುಖ ಮುಖ ನೋಡ್ತಾರೆ. ಆಲ್ಬಂನಲ್ಲಿ ಇನ್ನೂ ಕಾಲರ್ ಅಂತಲೇ ಇದೆ.

ನಿಮ್ಮ ಎಂಟು ಹಾಡಿನ ಲಿಂಕ್ ಕೆಳಗೆ ಹಾಕಿ. ಈ ವಾರ ನನಗೆ ನೈಟ್ ಶಿಫ್ಟು, ಬೆಳಗ್ಗೆ ಬಸ್ಸಲ್ಲಿ ಬರುವಾಗ ಕೇಳ್ತೀನಿ.