ಹೊರದೇಶದ ರಾಜಕೀಯ ಕೈದಿಗಳಿಗಾಗಿ ಇಲ್ಲಿಂದ ಪತ್ರ ಬರೆದು ಏನು ಪ್ರಯೋಜನ?

ಮ್ಯಾನ್ಮಾರ್ ಜೈಲಿನಲ್ಲಿರುವವರನ್ನು ಬಿಡಿಸಲು ಒತ್ತಾಯ ಮಾಡಿ ಅಂತ ನಮ್ಮ ವಿದೇಶಾಂಗ ಇಲಾಖೆಗೆ ಉಡುಪಿಯಿಂದ ಪತ್ರ ಹಾಕಿದರೆ ಯಾರಾದರೂ ಓದ್ತಾರಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನವನು, ಇಂಥ ಪತ್ರ ಆಗಾಗ ಬರೆಯುತ್ತೇನೆ. ಪತ್ರ ತಲುಪಿದ ಕೂಡಲೇ ಯಾರೂ ಬೀಗ ತೆಗೆಯುವುದಿಲ್ಲ. ಹಾಗಂತ ದಂಡವೂ ಅಲ್ಲ.

ನಮ್ಮೂರಿನ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರನ್ನೇ ನೋಡಿ. ತುರ್ತು ಪರಿಸ್ಥಿತಿಯಲ್ಲಿ ಅವರು ತಲೆಮರೆಸಿಕೊಂಡಿದ್ದರು. ಅವರೆಲ್ಲಿ ಹೇಳು ಅಂತ ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ನಡೆಯಲಾಗದ ಹಾಗೆ ಬಡಿದರು. 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಜಾರ್ಜ್ ಸಿಕ್ಕಿದಾಗ, ಇನ್ನು ಇವರನ್ನು ಏನು ಮಾಡ್ತಾರೋ ಅನ್ನುವ ಭಯ. ಆಗ ವಿಲ್ಲಿ ಬ್ರಾಂಟ್, ಬ್ರೂನೋ ಕ್ರೈಸ್ಕಿಯಂಥ ಯುರೋಪಿನ ಸಮಾಜವಾದಿ ನಾಯಕರು ಇಂದಿರಾ ಗಾಂಧಿಯವರ ಮೇಲೆ ಒತ್ತಡ ತಂದರು. ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿಯವರು ತಂತಿ (ಟೆಲಿಗ್ರಾಂ) ಕಳಿಸಿ ವಕೀಲರನ್ನು ಕೊಡಿ, ಮೈಮುಟ್ಟಬೇಡಿ ಅಂದರು. ಅದರಿಂದ ಬಿಡುಗಡೆ ಆಗಲಿಲ್ಲ. ಅದಕ್ಕೆ 1977ರ ಚುನಾವಣೆಯೇ ಬೇಕಾಯಿತು. ಜೈಲಿನಿಂದಲೇ ನಿಂತು ಬಿಹಾರದ ಮುಜಫ್ಫರ್‌ಪುರ ಕ್ಷೇತ್ರ ಗೆದ್ದರು. ಆದರೆ ಅವರ ಜೀವ ಉಳಿದದ್ದರಲ್ಲಿ ಆ ತಂತಿಗಳ ಪಾಲೂ ಇದೆ ಅಂತ ನನ್ನ ನಂಬಿಕೆ.

ಹಾಗಾಗಿ 'ಎಲ್ಲ ಕೈದಿಗಳನ್ನೂ ಬಿಡಿಸಿ' ಅಂತ ಬರೆಯಬೇಡಿ. ಅದು ಸೀದಾ ಫೈಲಿಗೆ ಹೋಗುತ್ತದೆ. ಒಬ್ಬರ ಹೆಸರು, ಹಿಡಿದ ತಾರೀಕು, ಜೈಲು, ಕೇಸು ಇಷ್ಟು ಬರೆದು ಒಂದೇ ಕೆಲಸ ಕೇಳಿ. ವಿಚಾರಣೆಯ ದಿನ ರಾಯಭಾರ ಕಚೇರಿಯಿಂದ ಒಬ್ಬರು ಕೋರ್ಟಿಗೆ ಹೋಗಿ ಕೂರಲಿ, ಇಲ್ಲವೇ ಮುಂದಿನ ಮಾತುಕತೆಯಲ್ಲಿ ಈ ಹೆಸರು ಎತ್ತಲಿ. 2024ರ ಆಗಸ್ಟ್‌ನಲ್ಲಿ ರಷ್ಯಾ ಮತ್ತು ಪಶ್ಚಿಮದ ದೇಶಗಳು ಕೈದಿಗಳನ್ನು ಅದಲುಬದಲು ಮಾಡಿಕೊಂಡಾಗ, 25 ವರ್ಷ ಶಿಕ್ಷೆಯಾಗಿದ್ದ ರಷ್ಯಾದ ವಿರೋಧಿ ನಾಯಕ ವ್ಲಾದಿಮಿರ್ ಕಾರಾ-ಮುರ್ಜಾ ಹೊರಬಂದರು. ಅಂಥ ಪಟ್ಟಿಗೆ ಸೇರಬೇಕಾದರೆ ಹೆಸರು ಮೊದಲೇ ನಾಲ್ಕು ಜನರ ಕಿವಿಗೆ ಬಿದ್ದಿರಬೇಕು ಅಲ್ವಾ?

ಕೈದಿ ಭಾರತೀಯನಾದರೆ ವಿಷಯ ಬೇರೆ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ನಮ್ಮ ಅಧಿಕಾರಿಗಳು ಹೋಗಿ ಭೇಟಿ ಮಾಡುವ ಹಕ್ಕಿದೆ. ಪರದೇಶದವರಿಗಾಗಿ ಆ ಹಕ್ಕಿಲ್ಲ, ಕೇಳಿಕೊಳ್ಳಬಹುದು ಅಷ್ಟೇ. ಸಂಸದರಿಗೂ ಒಂದು ಪ್ರತಿ ಕಳಿಸಿ.

ನಮ್ಮ ಕಡೆಯವರು ಜಾಸ್ತಿ ಗಲ್ಫ್‌ನಲ್ಲಿ ಇರುವುದರಿಂದ ಇದನ್ನೂ ಹೇಳಬೇಕು. ಅಲ್ಲೇ ಕೆಲಸದಲ್ಲಿದ್ದುಕೊಂಡು ಅದೇ ದೇಶದ ಕೈದಿಯ ಬಗ್ಗೆ ಬರೆಯಬೇಡಿ, ವಾಟ್ಸಾಪಿನಲ್ಲಿ ಹಂಚುವುದೂ ಬೇಡ. ಊರಲ್ಲಿರುವವರು ಬರೆಯಲಿ. ಕೈದಿಯ ಮನೆಯವರೇ ಈಗ ಬೇಡ ಅಂದರೆ ನಾವೂ ಸುಮ್ಮನಿರಬೇಕು. ಒಳಗೊಳಗೇ ಮಾತುಕತೆ ನಡೀತಾ ಇರಬಹುದು.