ಇಂಗ್ಲೆಂಡಿನ ಹಳೆಯ ಸಂತೆಪೇಟೆಯೊಂದನ್ನು ನೋಡಬೇಕೆಂದರೆ ಲಡ್ಲೋಗೆ ಹೋಗಿ

ಮೈಸೂರಿನಿಂದ ಬರಲಿರುವ ತಂದೆತಾಯಿಯವರಿಗೆ ಲಂಡನ್ನಿನ ಆಚೆಗಿನ ಒಂದು ಹಳೆಯ ಸಂತೆಪೇಟೆಯನ್ನು ತೋರಿಸಬೇಕು, ಆದರೆ ಅದು ಪ್ರವಾಸಿಗರಿಗೆಂದೇ ಸಿಂಗರಿಸಿಟ್ಟ ಊರಾಗಿರಬಾರದು, ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಕಾಟ್ಸ್‌ವೋಲ್ಡ್ಸ್ ಕಡೆಯ ಊರುಗಳ ಹೆಸರನ್ನು ಹಲವರು ಹೇಳಿಯಾರು. ಅವು ಚೆಂದವೇ, ಆದರೆ ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿ ಊರಿನವರಿಗಿಂತ ಬಸ್ಸಿನಿಂದ ಇಳಿದವರೇ ಹೆಚ್ಚು. ನನ್ನನ್ನು ಕೇಳಿದರೆ, ವೇಲ್ಸ್ ಗಡಿಗೆ ಹತ್ತಿರವಿರುವ ಶ್ರಾಪ್‌ಶೈರ್ ಜಿಲ್ಲೆಯ ಲಡ್ಲೋಗೆ ಹೋಗಿ ಎನ್ನುತ್ತೇನೆ.

ಸಂತೆ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ, ಕೋಟೆಯ ಬಾಗಿಲಿನ ಎದುರಿಗಿರುವ ಚೌಕದಲ್ಲಿ ನಡೆಯುತ್ತದೆ. ಉಳಿದ ದಿನಗಳಲ್ಲಿ ಹೋದರೆ ಊರಿನ ಅರ್ಧ ಜೀವವನ್ನೇ ಕಳೆದುಕೊಂಡಂತೆ. ಬ್ರೆಡ್ಡು, ಚೀಸು, ಹೂಗಿಡ, ಹಳೆಯ ಪುಸ್ತಕಗಳ ಮಳಿಗೆಗಳ ನಡುವೆ ಸುತ್ತಮುತ್ತಲಿನ ಹಳ್ಳಿಯವರು ಚೀಲ ಹಿಡಿದು ವಾರದ ಸಾಮಾನು ಕೊಳ್ಳುವುದನ್ನು ಅಲ್ಲಿ ಕಾಣಬಹುದು. ಸಸ್ಯಾಹಾರಿಗಳಾದ ಹಿರಿಯರಿಗೆ ಮಧ್ಯಾಹ್ನದ ಹೊಟ್ಟೆಪಾಡೂ ಅಲ್ಲಿಯೇ ನಡೆದುಹೋಗುತ್ತದೆ.

ಈ ಊರನ್ನು ಬೆಳೆಸಿದ್ದು ಕುರಿಯ ಉಣ್ಣೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಗಡಿಯ ಕಾವಲಿಗೆಂದು ಕೋಟೆ ಎದ್ದಿತು, ಅದರ ಆಶ್ರಯದಲ್ಲಿ ಅಳತೆ ಮಾಡಿ ಬೀದಿಗಳನ್ನು ಹಾಕಿದ ಪೇಟೆ ಹುಟ್ಟಿತು, ಉಣ್ಣೆಯ ವ್ಯಾಪಾರಿಗಳು ಆ ಪೇಟೆಯಲ್ಲಿ ಗಳಿಸಿದ ಹಣದ ಒಂದು ಪಾಲು ಸೇಂಟ್ ಲಾರೆನ್ಸ್ ಚರ್ಚಿಗೆ ಹರಿಯಿತು. ಚರ್ಚಿನ ಗೋಪುರವನ್ನು ಹತ್ತಲು ಸುಮಾರು 200 ಮೆಟ್ಟಿಲುಗಳಿವೆ, ಹಿರಿಯರಿಗೆ ಅದು ಬೇಡ. ಬದಲಿಗೆ ಅವರನ್ನು ಗಾಯಕವೃಂದದ ಮರದ ಆಸನಗಳ ಬಳಿಗೆ ಕರೆದೊಯ್ಯಿರಿ. ಮಡಿಸಿದ ಆಸನಗಳ ಅಡಿಭಾಗದಲ್ಲಿ ಮಧ್ಯಯುಗದ ಬಡಗಿಗಳು ಕೆತ್ತಿದ ಚಿತ್ರಗಳಿವೆ. ಅವುಗಳಲ್ಲೊಂದರಲ್ಲಿ, ಅಳತೆಯಲ್ಲಿ ಮೋಸ ಮಾಡಿ ಬಿಯರ್ ಮಾರುತ್ತಿದ್ದ ಹೆಂಗಸೊಬ್ಬಳನ್ನು ದೆವ್ವವೊಂದು ಹೆಗಲ ಮೇಲೆ ಹಾಕಿಕೊಂಡು ನರಕದ ಬಾಯಿಗೆ ಹೊತ್ತೊಯ್ಯುತ್ತಿದೆ. ಆಗಲೂ ಆಕೆ ಆ ಮೋಸದ ಪಾತ್ರೆಯನ್ನು ಕೈಬಿಟ್ಟಿಲ್ಲ. ಸಂತೆಯ ಊರಿನ ದೇವಾಲಯದಲ್ಲಿ ಇದಕ್ಕಿಂತ ತಕ್ಕ ಎಚ್ಚರಿಕೆ ಇನ್ನಾವುದಿದ್ದೀತು?

ಚರ್ಚಿನಿಂದ ಕೆಲವೇ ಹೆಜ್ಜೆಯಲ್ಲಿ ಬಟರ್‌ಕ್ರಾಸ್ ಎಂಬ ಹದಿನೆಂಟನೆಯ ಶತಮಾನದ ಕಟ್ಟಡವಿದೆ. ಹಿಂದೆ ಅದರ ಕಂಬಗಳ ನೆರಳಿನಲ್ಲಿ ಬೆಣ್ಣೆ ಮಾರುತ್ತಿದ್ದರು. ಅಲ್ಲಿಂದ ಇಳಿಜಾರಾಗಿ ಸಾಗುವ ಬ್ರಾಡ್ ಸ್ಟ್ರೀಟನ್ನು ನಿಧಾನವಾಗಿ ನೋಡಿ. ಇಟ್ಟಿಗೆಯ ಅಚ್ಚುಕಟ್ಟಾದ ಮುಖವಿರುವ ಎಷ್ಟೋ ಮನೆಗಳ ಒಳಗೆ ಅದಕ್ಕಿಂತ ಹಳೆಯ ಮರದ ಚೌಕಟ್ಟು ಹಾಗೆಯೇ ಉಳಿದಿದೆ, ಮತ್ತು ಬೀದಿ ಇಳಿದಂತೆ ಪೇಟೆಯ ಗೋಡೆಯ ಹೆಬ್ಬಾಗಿಲೊಂದು ಇಂದಿಗೂ ನಿಂತಿದೆ. ಟೀಮ್ ನದಿಯವರೆಗೆ ಇಳಿಯುವುದು ಸುಲಭ, ಮರಳಿ ಏರುವುದು ಮಂಡಿನೋವಿನವರಿಗೆ ಕಷ್ಟ ಎಂಬುದು ಗಮನದಲ್ಲಿರಲಿ.

ಕೋಟೆ ಈಗ ಪಾಳುಬಿದ್ದಿದೆ. ಒಳಹೋಗಲು ಟಿಕೆಟ್ ಇದೆ. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ 1502ರಲ್ಲಿ ಇಲ್ಲಿಯೇ ತೀರಿಕೊಂಡದ್ದರಿಂದ ತಮ್ಮನಾದ ಎಂಟನೆಯ ಹೆನ್ರಿಗೆ ಪಟ್ಟ ಸಿಕ್ಕಿತು, ಮುಂದಿನ ಕಥೆ ಜಗತ್ತಿಗೇ ಗೊತ್ತು. ಆದರೆ ಮೈಸೂರಿನವರಿಗೆ ಹೇಳಬೇಕಾದ ಕಥೆ ಬೇರೆಯೇ ಇದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1774ರಿಂದ ಇಪ್ಪತ್ತು ವರ್ಷ ಲಡ್ಲೋದಿಂದ ಪಾರ್ಲಿಮೆಂಟಿನ ಸದಸ್ಯನಾಗಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದಾಗ ಮದರಾಸಿನ ಗವರ್ನರ್ ಆಗಿದ್ದವನೂ ಅವನೇ. ಮುಂದೆ ಪೋವಿಸ್ಸಿನ ಅರ್ಲ್ ಎಂಬ ಪದವಿ ಪಡೆದ ಮೇಲೆ, 1811ರಲ್ಲಿ ಈ ಕೋಟೆಯನ್ನು ಅರಸೊತ್ತಿಗೆಯಿಂದ ಕೊಂಡುಕೊಂಡನು. ಟಿಪ್ಪುವಿನ ಚಿತ್ತಾರದ ಡೇರೆ ಮತ್ತು ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲೊಂದು ಆ ಮನೆತನದ ಮೂಲಕ ವೇಲ್ಸಿನ ಪೋವಿಸ್ ಕೋಟೆಯನ್ನು ಸೇರಿವೆ. ಲಡ್ಲೋದ ಕಲ್ಲುಗೋಡೆಗಳನ್ನು ಯಾರೋ ಪರರ ಇತಿಹಾಸವೆಂದು ನೋಡುತ್ತ ಬಂದವರು ಇದನ್ನು ಕೇಳಿದ ಮೇಲೆ ಸ್ವಲ್ಪ ಬೇರೆ ಕಣ್ಣಿನಿಂದ ನೋಡುತ್ತಾರೆ. ನನಗಂತೂ ಹಾಗೆಯೇ ಆಯಿತು.

ಲಂಡನ್ನಿನಿಂದ ನೇರ ರೈಲಿಲ್ಲ, ಒಮ್ಮೆಯಾದರೂ ಬದಲಿಸಬೇಕು; ಹೋಗಲೇ ಮೂರು ಗಂಟೆಗೂ ಹೆಚ್ಚು ಹಿಡಿಯುವುದರಿಂದ ಒಂದು ರಾತ್ರಿ ತಂಗುವುದು ಲೇಸು. ಲಡ್ಲೋ ನಿಲ್ದಾಣವು ಶ್ರೂಸ್‌ಬರಿ ಮತ್ತು ಹೆರೆಫರ್ಡ್ ನಡುವಿನ ಮಾರ್ಗದಲ್ಲಿದೆ, ಅಲ್ಲಿಂದ ಪೇಟೆಗೆ ನಡೆದೇ ಹೋಗಬಹುದು. ಮರುದಿನ ಸಮಯವಿದ್ದರೆ, ಉತ್ತರಕ್ಕೆ ಒಂದೇ ನಿಲ್ದಾಣ ದಾಟಿ ಕ್ರೇವನ್ ಆರ್ಮ್ಸ್‌ನಲ್ಲಿ ಇಳಿದು ಸ್ಟೋಕ್ಸೇ ಕೋಟೆಯನ್ನು ನೋಡಿ: ಲಡ್ಲೋದ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ ಹದಿಮೂರನೆಯ ಶತಮಾನದಲ್ಲಿ ತನಗಾಗಿ ಕಟ್ಟಿಸಿಕೊಂಡ ಮನೆ ಅದು. ಟಿಪ್ಪುವಿನ ಡೇರೆಯನ್ನೂ ಅದೇ ಪ್ರವಾಸದಲ್ಲಿ ಸೇರಿಸುವ ಆಸೆ ಬೇಡ. ಪೋವಿಸ್ ಕೋಟೆ ಇರುವ ವೆಲ್ಶ್‌ಪೂಲ್‌ಗೆ ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ಹೋಗಬೇಕಾಗುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಒಂದು ದಿನವನ್ನೇ ಇಟ್ಟುಕೊಳ್ಳಿ.