ಬಾತ್‌ರೂಮಿನ ಆಸಿಡ್, ಬ್ಯಾಟರಿಯ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಟ್ಟಡಕ್ಕೆ ವಾರದಲ್ಲಿ ಮೂರು ದಿನ ಟ್ಯಾಂಕರ್ ನೀರು ಬರುತ್ತದೆ. ಬಾತ್‌ರೂಮಿನ ಟೈಲ್ಸ್ ಮೇಲೆ ಬಿಳಿ ಕಲೆ ಗಟ್ಟಿಯಾಗಿ ಕುಳಿತಿತ್ತು. ಮನೆಗೆಲಸಕ್ಕೆ ಬರುವ ಬಾಯಿ ಮೊದಲು ಆಸಿಡ್ ಸುರಿದರು. ಕಲೆ ಪೂರ್ತಿ ಹೋಗಲಿಲ್ಲವೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಉದುರಿಸಿದರು. ಕ್ಷಣದಲ್ಲಿ ಕಣ್ಣು ಉರಿದು ಇಬ್ಬರಿಗೂ ಉಸಿರು ಕಟ್ಟಿತು. ಅದೇನು? (ಡೊಂಬಿವಲಿಯ ಗೃಹಿಣಿ)

ಉತ್ತರ: ಅದು ಕ್ಲೋರಿನ್ ಅನಿಲ. ನೀವಿಬ್ಬರೂ ಪಾರಾದದ್ದು ದೊಡ್ಡ ಸಮಾಧಾನ. ಬ್ಲೀಚಿಂಗ್ ಪೌಡರಿನಲ್ಲಿಯೂ ಬಟ್ಟೆಗೆ ಹಾಕುವ ದ್ರವ ಬ್ಲೀಚಿನಲ್ಲಿಯೂ ಕ್ಲೋರಿನ್ ಅಡಗಿರುತ್ತದೆ. ಸುತ್ತ ಕ್ಷಾರವಿರುವ ತನಕ ಅದು ಅಲ್ಲಿಯೇ ಇರುತ್ತದೆ. ಆಸಿಡ್ ತಾಗಿದೊಡನೆ ಅನಿಲವಾಗಿ ಹೊರಬೀಳುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಮೇಲಿನ ಸಣ್ಣ ಕಿಟಕಿಯಿಂದ ಸುಲಭವಾಗಿ ಹೋಗದೆ, ಕುಕ್ಕರುಗಾಲಿನಲ್ಲಿ ಕೂತು ನೆಲ ಉಜ್ಜುವವರ ಮುಖದ ಮಟ್ಟದಲ್ಲಿಯೇ ನಿಲ್ಲುತ್ತದೆ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದಾಗ ಕ್ಲೋರಿನ್ ಸಿಲಿಂಡರುಗಳಿಗೆ ಪ್ರತ್ಯೇಕ ಶೆಡ್ಡು, ಬೀಗ, ಕೆಂಪು ಫಲಕ ಎಲ್ಲವೂ ಇದ್ದವು. ಆದರೆ ನನ್ನ ಕಣ್ಣೆದುರು ಕ್ಲೋರಿನ್ ಉಸಿರಾಡಿ ಆಸ್ಪತ್ರೆ ಸೇರಿದವರು ಆ ಶೆಡ್ಡಿನ ಕೆಲಸಗಾರರಲ್ಲ, ಶೌಚಾಲಯ ತೊಳೆಯುತ್ತಿದ್ದ ಒಬ್ಬ ಹುಡುಗ. ಅವನೂ ನಿಮ್ಮ ಬಾಯಿ ಮಾಡಿದ್ದನ್ನೇ ಮಾಡಿದ್ದ, ಏಕೆಂದರೆ ಅದನ್ನು ಮಾಡಬಾರದೆಂದು ನಾವು ಯಾರೂ ಅವನಿಗೆ ಹೇಳಿರಲಿಲ್ಲ.

ಇಂಥದಾದಾಗ ಮೊದಲು ಹೊರಗೆ ಬಂದು ಬಾತ್‌ರೂಮಿನ ಬಾಗಿಲು ಮುಚ್ಚಿ, ಮನೆಯ ಉಳಿದ ಕಿಟಕಿಗಳನ್ನೆಲ್ಲ ತೆರೆಯಿರಿ. ಮೂಗಿಗೆ ಸೆರಗು ಕಟ್ಟಿಕೊಂಡು ನೀರು ಸುರಿಯಲು ಒಳಗೆ ಹೋಗಬೇಡಿ, ಬಟ್ಟೆ ಈ ಅನಿಲವನ್ನು ತಡೆಯುವುದಿಲ್ಲ. ಕಣ್ಣಿಗೆ ಸಿಡಿದಿದ್ದರೆ ಹರಿಯುವ ನಲ್ಲಿ ನೀರಿನಲ್ಲಿ ಹದಿನೈದು ನಿಮಿಷವಾದರೂ ತೊಳೆಯಬೇಕು. ಶ್ವಾಸಕೋಶದ ತೇವಕ್ಕೆ ಸೇರಿದ ಕ್ಲೋರಿನ್ ಅಲ್ಲಿ ಆಮ್ಲವಾಗುತ್ತದೆ, ಅದರ ಬಾಧೆ ಕೆಲವು ಗಂಟೆ ತಡವಾಗಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದರೆ, ಸಂಜೆಯವರೆಗೆ ನೋಡೋಣವೆಂದು ಕೂರದೆ ಆಸ್ಪತ್ರೆಗೆ ಹೋಗಿ.

ನನಗೆ ಹೆಚ್ಚು ಬೇಸರ ತಂದದ್ದು ಆ ಬ್ಲೀಚಿಂಗ್ ಪೌಡರಿನ ಅಗತ್ಯವೇ ಇರಲಿಲ್ಲ ಎಂಬುದು. ನಿಮ್ಮ ಟೈಲ್ಸಿನ ಕಲೆ ಗಡಸು ನೀರಿನ ಸುಣ್ಣ. ಅದನ್ನು ಕರಗಿಸುವುದು ಆಮ್ಲ ಮಾತ್ರ. ಬ್ಲೀಚ್ ಇರುವುದು ಬೂಷ್ಟು ತೆಗೆಯಲು, ರೋಗಾಣು ಕೊಲ್ಲಲು. ಕಿರಾಣಿ ಅಂಗಡಿಯಲ್ಲಿ ನಿಂಬೂ ಫೂಲ್ ಎಂದು ಸಿಗುವ ಸಿಟ್ರಿಕ್ ಆಸಿಡನ್ನು ಬಿಸಿನೀರಿನಲ್ಲಿ ಕರಗಿಸಿ ಕಲೆಯ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಸಾಕು. ಇದು ಕೂಡ ಆಮ್ಲವೇ, ಆದ್ದರಿಂದ ಇದರ ಹತ್ತಿರವೂ ಬ್ಲೀಚ್ ಸುಳಿಯಬಾರದು. ಟಾಯ್ಲೆಟ್ಟಿಗೆ ಹಾಕುವ ನೀಲಿ ದ್ರವಗಳಲ್ಲಿಯೂ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆಂಬುದನ್ನು ನಿಮ್ಮ ಬಾಯಿಗೂ ಅವರ ಭಾಷೆಯಲ್ಲಿ ಕೂರಿಸಿಕೊಂಡು ಹೇಳಿ.

ನೀವು ಪತ್ರದ ಕೊನೆಯಲ್ಲಿ, ಸೈಕಲ್ಲಿನಲ್ಲಿ ಬರುವ ಫಿನೈಲ್‌ವಾಲಾ ಆಸಿಡನ್ನು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಕೊಡುತ್ತಾನೆಂದು ಬರೆದಿದ್ದೀರಿ. ದಯವಿಟ್ಟು ಕೊಳ್ಳಬೇಡಿ. ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸ ಬರೆದಿಟ್ಟುಕೊಳ್ಳದೆ ಆಸಿಡ್ ಮಾರಬಾರದೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಆದೇಶಿಸಿದೆ. ಅದಕ್ಕಿಂತ ಮುಖ್ಯವಾಗಿ, ಬಾಯಾರಿದ ಮಗು ಬಾಟಲಿಯನ್ನು ಗುರುತಿಸುವುದು ಅದರ ಆಕಾರದಿಂದ. ಯಾರಾದರೂ ಆಸಿಡ್ ಕುಡಿದರೆ ವಾಂತಿ ಮಾಡಿಸಬೇಡಿ, ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ. ಸೋಡಾ ನೀರು ಕುಡಿಸುವುದೂ ತಪ್ಪು. ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ, ಆ ಬಾಟಲಿಯನ್ನೂ ಜತೆಗೆ ಒಯ್ಯಿರಿ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತರಲು ನನಗೆ ಈ ವಯಸ್ಸಿನಲ್ಲಿ ಕಷ್ಟ. ಆರ್‌ಓ ನೀರು, ಕುದಿಸಿ ಆರಿಸಿದ ನೀರು ಅಥವಾ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಹಾಕಬಹುದೇ? ಡಿಸ್ಟಿಲ್ಡ್ ವಾಟರ್ ಅಷ್ಟು ಶುದ್ಧವಾಗಿದ್ದರೆ ಕುಡಿಯಲೂ ಒಳ್ಳೆಯದಲ್ಲವೇ? (ಮುಲುಂಡಿನ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಮೂರನ್ನೂ ಹಾಕಬೇಡಿ. ಬ್ಯಾಟರಿಯಲ್ಲಿ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಅಲ್ಲಿಂದ ಕಡಿಮೆಯಾಗುವುದು ನೀರು ಮಾತ್ರ. ಸ್ವಲ್ಪ ಆವಿಯಾಗಿ, ಸ್ವಲ್ಪ ಚಾರ್ಜ್ ಆಗುವಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಹೋಗುತ್ತದೆ. ನೀರಿನೊಂದಿಗೆ ಬಂದ ಲವಣ ಹೋಗುವುದಿಲ್ಲ. ಆರ್‌ಓ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 50 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ನಾಲಿಗೆಗೆ ಅದು ಸಿಹಿನೀರು. ಆದರೆ ಪ್ರತಿ ಲೀಟರಿಗೂ 50 ಮಿಲಿಗ್ರಾಂ ಲವಣ ಬ್ಯಾಟರಿಯಲ್ಲಿಯೇ ಉಳಿದು, ಮುಂದಿನ ಸಲದ್ದು ಅದರ ಮೇಲೆ ಸೇರುತ್ತ ಹೋಗುತ್ತದೆ. ಅದರಲ್ಲಿರುವ ಕ್ಲೋರೈಡ್ ಫಲಕಗಳನ್ನು ತಿನ್ನುತ್ತದೆ, ಕಬ್ಬಿಣದ ಅಂಶ ಬ್ಯಾಟರಿಯನ್ನು ಸುಮ್ಮನಿದ್ದಾಗಲೂ ಬರಿದು ಮಾಡುತ್ತದೆ. ಕುದಿಸಿದರೆ ಸಾಯುವುದು ರೋಗಾಣು. ಉಪ್ಪಿನ ಅಂಶ ಪಾತ್ರೆಯಲ್ಲಿಯೇ ಉಳಿದು ನೀರು ಇನ್ನಷ್ಟು ಸಾಂದ್ರವಾಗುತ್ತದೆ. ಏಸಿಯ ನೀರು ಹುಟ್ಟುವಾಗ ಶುದ್ಧವೇ, ಗಾಳಿಯ ತೇವ ತಣಿದು ಹನಿಯಾದದ್ದು ಅದು. ಆದರೆ ಕೊಳವೆಗೆ ಇಳಿಯುವ ಮುನ್ನ ತಾಮ್ರ, ಅಲ್ಯೂಮಿನಿಯಂ ಸುರುಳಿಗಳ ಮೇಲಿನ ಧೂಳು ಮತ್ತು ಪಾಚಿಯನ್ನು ತೊಳೆದುಕೊಂಡೇ ಬರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಬ್ಯಾಟರಿಗೆ ಐದು ಲೀಟರಿನ ಒಂದು ಕ್ಯಾನ್ ತರಿಸಿಟ್ಟರೆ ನಿಮಗೆ ಬಹಳ ಕಾಲ ಬರುತ್ತದೆ.

ಚಾರ್ಜ್ ಪೂರ್ತಿಯಾದ ಮೇಲೆ, ಗುರುತಿನವರೆಗೆ ಮಾತ್ರ ನೀರು ತುಂಬಿ; ಆಸಿಡ್ ಎಂದಿಗೂ ಸೇರಿಸಬೇಡಿ. ಇನ್ನೊಂದು ಮಾತು. ಜಾಗವಿಲ್ಲದ ನಮ್ಮ ಮುಂಬಯಿಯ ಮನೆಗಳಲ್ಲಿ ಇನ್ವರ್ಟರಿನ ಟ್ರಾಲಿಯನ್ನು ದೇವರ ಗೂಡಿನ ಕೆಳಗೆ ತಳ್ಳಿಟ್ಟದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ನಂದಾದೀಪವಿರುವಲ್ಲಿ ಬ್ಯಾಟರಿ ಬೇಡ. ಗಾಳಿಯಾಡುವ ಬಾಲ್ಕನಿಯ ಕಡೆಗೆ ಸರಿಸಿ.

ಇನ್ನು ಕುಡಿಯುವ ಮಾತು. ಡಿಸ್ಟಿಲ್ಡ್ ವಾಟರ್ ವಿಷವಲ್ಲ, ಆದರೆ ಅದರಲ್ಲಿ ಸುಣ್ಣ, ಮೆಗ್ನೀಸಿಯಂ ಏನೂ ಇಲ್ಲ. ಬ್ಯಾಟರಿಗೆಂದು ಮಾರುವ ಕ್ಯಾನನ್ನು ಆಹಾರದ ಶುಚಿತ್ವಕ್ಕೆ ತಕ್ಕಂತೆ ತುಂಬಿರುವುದೂ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಅನ್ನು ಒಪ್ಪುತ್ತದೆ. ನಿಮ್ಮ ನಲ್ಲಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳ ಮಳೆನೀರು, ಅದರ ಬಹುಪಾಲು ನಿಮ್ಮ ಪಕ್ಕದ ಭಾಂಡುಪ್‌ನಲ್ಲಿಯೇ ಶುದ್ಧವಾಗುತ್ತದೆ. ಇಷ್ಟು ಮೃದುವಾದ ನೀರನ್ನು ಆರ್‌ಓದಲ್ಲಿ ಹಾಯಿಸಿ, ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುವುದು ನನಗೆ ಸರಿಕಾಣುವುದಿಲ್ಲ. ಟ್ಯಾಂಕರ್ ಇಲ್ಲವೇ ಬೋರ್‌ವೆಲ್ ನೀರಿನವರ ಮಾತು ಬೇರೆ. ನಿಮಗೆ ಸೋಸಿ ಕುದಿಸಿದ ನೀರು ಸಾಕು.

ಪ್ರಶ್ನೆ: ನಮ್ಮ ಹೋಟೆಲಿನ ಮೋರಿ ಜಿಡ್ಡಿನಿಂದ ಕಟ್ಟಿಕೊಂಡಾಗ ಹುಡುಗರು ಬಿಸಿನೀರಿಗೆ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಮೊನ್ನೆ ಅದು ಉಕ್ಕಿ ಒಬ್ಬನ ಕೈ ಸುಟ್ಟಿತು. (ಅಂಧೇರಿಯ ಹೋಟೆಲ್ ವ್ಯವಸ್ಥಾಪಕರು)

ಉತ್ತರ: ಕಾಸ್ಟಿಕ್ ಸೋಡಾ ಕರಗುವಾಗ ತಾನೇ ಬಿಸಿಯಾಗುತ್ತದೆ. ನೀರು ಮೊದಲೇ ಕಾದಿದ್ದರೆ ಅದು ಕುದಿದು ಸಿಡಿಯುತ್ತದೆ. ತಣ್ಣೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು. ಗಟ್ಟಿ ಪ್ಲಾಸ್ಟಿಕ್ ಬಕೆಟ್ ಬಳಸಿ. ಅಲ್ಯೂಮಿನಿಯಂ ಪಾತೇಲಿಯಲ್ಲಿ ಕಲಸಿದರೆ ಅದು ಪಾತ್ರೆಯನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ, ಪಕ್ಕದಲ್ಲಿಯೇ ನಿಮ್ಮ ಭಟ್ಟಿ ಉರಿಯುತ್ತಿರುತ್ತದೆ. ಚರ್ಮಕ್ಕೆ ತಾಗಿದಾಗ ಆಸಿಡಿನ ಹಾಗೆ ಇದು ತಕ್ಷಣ ಉರಿಯದೆ ಸೋಪಿನಂತೆ ಜಾರುತ್ತದೆ. ಆ ಜಾರುವಿಕೆ ಚರ್ಮದ ಕೊಬ್ಬು ಕರಗುತ್ತಿರುವುದರ ಗುರುತು, ಹುಡುಗರು ಅದನ್ನು ಲಕ್ಷಿಸದೆ ಕೆಲಸ ಮುಂದುವರಿಸುತ್ತಾರೆ. ಮೊಣಕೈವರೆಗಿನ ರಬ್ಬರ್ ಗ್ಲೋವ್ಸ್ ಮತ್ತು ಕಣ್ಣಿಗೆ ಕನ್ನಡಕವನ್ನು ನೀವೇ ಕೊಡಿಸಿ. ಅದನ್ನು ಕೇಳುವ ಧೈರ್ಯ ಅವರಿಗಿರುವುದಿಲ್ಲ.

ಪ್ರಶ್ನೆ: ಸೊಸೈಟಿಯ 5000 ಲೀಟರ್ ಟಾಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು? (ಕಲ್ಯಾಣ)

ಉತ್ತರ: ಎರಡು ಸಂದರ್ಭಗಳನ್ನು ಬೇರೆ ಮಾಡಿ. ಕುಡಿಯುವ ನೀರನ್ನು ಶುದ್ಧಮಾಡಲು 1000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪೌಡರ್, ಅಂದರೆ ನಿಮಗೆ ಹನ್ನೆರಡೂವರೆ ಗ್ರಾಂ ಸಾಕು. ಅರ್ಧ ಗಂಟೆ ಬಿಟ್ಟು ಬಳಸಬಹುದು. ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಮೊದಲೇ ಇರುವುದರಿಂದ ಕಿಟ್ಟಿನಲ್ಲಿ ಪರೀಕ್ಷಿಸಿ, ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರ ಸೇರಿಸಿ. ಕೆಸರು ತೆಗೆದು ಟಾಕಿ ತೊಳೆದ ಮೇಲೆ ಗೋಡೆಗಳ ರೋಗಾಣು ಕೊಲ್ಲುವ ಅಳತೆ ಬೇರೆ: ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್. ಪೌಡರಿನಲ್ಲಿ ನೂರಕ್ಕೆ 25 ಪಾಲು ಕ್ಲೋರಿನ್ ಇದ್ದರೆ ನಿಮ್ಮ ಟಾಕಿಗೆ ಒಂದು ಕಿಲೋ ಬೇಕು. ಒಂದು ರಾತ್ರಿ ಬಿಟ್ಟು ಆ ನೀರನ್ನೆಲ್ಲ ಹರಿಯಬಿಟ್ಟು ತೊಳೆಯಬೇಕು, ಆ ಹೊತ್ತಿನಲ್ಲಿ ಯಾವ ಮನೆಯವರೂ ನಲ್ಲಿ ತಿರುಗಿಸದಂತೆ ವಾಚ್‌ಮನ್ ಮನೆಮನೆಗೆ ಹೇಳಿ ಬರಬೇಕು. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಟಾಕಿಗೆ ಹಾಕಿ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪೌಡರಿನಲ್ಲಿ ಕ್ಲೋರಿನ್ ಹೆಚ್ಚಿಗೆ ಉಳಿದಿರುವುದಿಲ್ಲ.

ಪ್ರಶ್ನೆ: ಅಡಿಗೆ ಸೋಡಾಕ್ಕೆ ವಿನೆಗರ್ ಸೇರಿಸಿದರೆ ಶುಚಿಗೊಳಿಸುವ ಶಕ್ತಿ ಹೆಚ್ಚುತ್ತದೆಯೇ? (ಪುಣೆ)

ಉತ್ತರ: ಇಲ್ಲ. ಒಂದು ಇನ್ನೊಂದನ್ನು ಕೊಂದು, ನೊರೆ ಅಡಗಿದ ಮೇಲೆ ಹೆಚ್ಚುಕಡಿಮೆ ಉಪ್ಪುನೀರು ಉಳಿಯುತ್ತದೆ. ಜಿಡ್ಡಿಗೆ ಸೋಡಾ, ಸುಣ್ಣದ ಕಲೆಗೆ ವಿನೆಗರ್, ಬೇರೆ ಬೇರೆಯಾಗಿ ಬಳಸಿ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿಟ್ಟ ಹಳೆಯ ಹತ್ತಿ ಸೀರೆಗಳನ್ನು ಕೂಸಿಗೆ ಹೊದೆಸಬಹುದೇ? (ಠಾಣೆ)

ಉತ್ತರ: ಹಾಗೆಯೇ ತೆಗೆದು ಹೊದೆಸಬೇಡಿ. ಆ ಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದರ ಆವಿಯೂ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ, ಆ ಕೊರತೆ ನಿಮ್ಮ ಕೂಸಿಗೆ ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು. ಸೀರೆಗಳನ್ನು ಈಗಲೇ ಹೊರತೆಗೆದು, ಎರಡು ಮೂರು ಸಲ ಒಗೆದು, ಹಲವು ದಿನ ಬಿಸಿಲು ಗಾಳಿಯಲ್ಲಿ ಹರವಿ, ವಾಸನೆ ಒಂದಿಷ್ಟೂ ಉಳಿಯದಿದ್ದರೆ ಮಾತ್ರ ಬಳಸಿ. ಮುಂದೆ ಟ್ರಂಕಿಗೆ ಒಣ ಬೇವಿನೆಲೆ ಹಾಕಿ. ಕೂಸಿನ ಮೈ ಹಳದಿಯಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಅದೇ ದಿನ ಮಕ್ಕಳ ವೈದ್ಯರ ಬಳಿಗೆ ಹೋಗಿ, ಗುಳಿಗೆಯ ವಿಷಯವನ್ನು ಅವರು ಕೇಳುವ ಮೊದಲೇ ತಿಳಿಸಿ.